ಎರಡು ಸೆಂಟಿಮೀಟರ್

ಮರುಭೂಮಿಗೆ ಹೊರಟವರ ಕೈಯಲ್ಲಿ ಗಾಳದ ಕೋಲು ಕಂಡರೆ ಯಾರಿಗಾದರೂ ನಗು ಬರುವುದು ಸಹಜ. ಆದರೆ ಆಫ್ರಿಕದ ನೈರುತ್ಯ ಅಂಚಿನಲ್ಲಿರುವ ನಮೀಬಿಯ ದೇಶದಲ್ಲಿ ಡಿಸೆಂಬರ್ ತಿಂಗಳು ಬಂತೆಂದರೆ ನಡೆಯುವುದೇ ಇದು. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ನಾಡಾದ್ದರಿಂದ ಅಲ್ಲಿ ಡಿಸೆಂಬರ್‌ನಲ್ಲಿ ಬೇಸಿಗೆ ರಜೆ. ರಾಜಧಾನಿ ವಿಂಡ್‌ಹುಕ್‌ನ ಸೆಕೆಯಿಂದ ತಪ್ಪಿಸಿಕೊಂಡು ಜನ ಸುಮಾರು 360 ಕಿ.ಮೀ. ದೂರದ ಸ್ವಾಕೊಪ್‌ಮುಂಡ್ ಪಟ್ಟಣಕ್ಕೆ, ಅಲ್ಲಿಂದ ಇನ್ನೂ ಎಪ್ಪತ್ತು ಚಿಲ್ಲರೆ ಕಿ.ಮೀ. ಉತ್ತರಕ್ಕೆ ಹೆಂಟೀಸ್ ಬೇ ಎಂಬ ಊರಿಗೆ ಬರುತ್ತಾರೆ. ಆ ದಾರಿಗೆ ಬಹುಕಾಲ ಹಾಕಿದ್ದದ್ದು ಡಾಂಬರಲ್ಲ. ಜಿಪ್ಸಮ್ ಮಣ್ಣಿಗೆ ಉಪ್ಪುನೀರು ಸುರಿದು ಗಟ್ಟಿ ಮಾಡಿದ ರಸ್ತೆ! ಮಳೆ ಬರುವ ನಾಡಿನಲ್ಲಿ ಇಂಥ ರಸ್ತೆ ಒಂದು ವಾರವೂ ಉಳಿಯದು. ಅಲ್ಲಿಯ ಕರಾವಳಿಗೆ ಇಡೀ ವರ್ಷದಲ್ಲಿ ಬೀಳುವ ಮಳೆ 20 ಮಿ.ಮೀ. ಕೂಡ ಇಲ್ಲ. ಆಗುಂಬೆಯಲ್ಲಿ ಒಂದೇ ದಿನ ಅದರ ಹತ್ತು ಪಟ್ಟು ಸುರಿಯುವುದುಂಟು.

ಹೀಗೆ ಬಂದ ಒಂದು ಸಂಸಾರದಲ್ಲಿ ತಂದೆ ರೈಲ್ವೆಯಲ್ಲಿ ಮೆಕ್ಯಾನಿಕ್. ಹನ್ನೆರಡು ವರ್ಷದ ಮಗಳಿಗೆ ಮೊದಲ ಸಲ ಸ್ವಂತ ಗಾಳ ಸಿಕ್ಕಿತ್ತು. ಅಪ್ಪನದು ನಾಲ್ಕು ಮೀಟರ್ ಉದ್ದದ ಭಾರಿ ಕೋಲು. ಕಾಬೆಲ್ಯೋ ಎಂಬ ದೊಡ್ಡ ಮೀನಿಗೆಂದೇ ತಂದದ್ದು. (ಈ ಕಾಬೆಲ್ಯೋ ನಮ್ಮ ಮಂಗಳೂರು ಕಡೆಯ ಕಲ್ಲೂರು ಮೀನಿನ ಬಳಗದ್ದು. ಹೊಟ್ಟೆಯೊಳಗಿನ ಗಾಳಿಚೀಲವನ್ನು ಅದುರಿಸಿ ಗೊರಗೊರ ಸದ್ದು ಮಾಡುವ ಬಳಗ.) ಮಗಳದು ತೆಳ್ಳನೆಯ ಕೋಲು, ಆರು ಕಿಲೋ ಭಾರಕ್ಕೆ ತುಂಡಾಗುವ ಸಪೂರ ನೈಲಾನ್ ದಾರ, ಕಿರುಬೆರಳ ಉಗುರಿನಷ್ಟು ಕೊಕ್ಕೆ.

ಎರಡು ದಿನ ಒಂದು ಮೀನೂ ಕಚ್ಚಲಿಲ್ಲ. ಮೂರನೆಯ ಬೆಳಿಗ್ಗೆ ಅಪ್ಪ ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ನೀರಿಗೆ ಇಳಿಸಿ ಎತ್ತಿ ನೋಡಿದ. 12 ಡಿಗ್ರಿ. ‘ಮೂರು ದಿನದಿಂದ ದಕ್ಷಿಣದ ಗಾಳಿ ಬೀಸ್ತಾ ಇದೆ. ನೀರು ತಣ್ಣಗಾಗಿ ಕಾಬೆಲ್ಯೋ ಎಲ್ಲೋ ಹೋಗಿಬಿಟ್ಟಿದೆ’ ಎಂದ.

‘ತಣ್ಣೀರಿನಲ್ಲೇ ಮೀನಿಗೆ ಊಟ ಜಾಸ್ತಿ ಅಂತ ನಮ್ಮ ಟೀಚರ್ ಹೇಳಿದ್ರಲ್ಲಪ್ಪಾ?’ ಎಂದು ಮಗಳು ಕೇಳಿದಳು.

ಒಳ್ಳೆಯ ಪ್ರಶ್ನೆ. ಟೀಚರ್ ಹೇಳಿದ್ದರಲ್ಲಿ ತಪ್ಪಿಲ್ಲ, ಅಪ್ಪ ಹೇಳಿದ್ದರಲ್ಲೂ ತಪ್ಪಿಲ್ಲ. ಆ ತೀರದುದ್ದಕ್ಕೂ ಬೆಂಗ್ವೇಲ ಎಂಬ ಶೀತಪ್ರವಾಹ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಅದರ ಮೇಲೆ ಗಾಳಿಯೂ ದಕ್ಷಿಣದಿಂದಲೇ ಬೀಸುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದ ದಕ್ಷಿಣ ಗೋಳಾರ್ಧದಲ್ಲಿ ಚಲಿಸುವ ನೀರು ಎಡಕ್ಕೆ ವಾಲುತ್ತದೆ. ಉತ್ತರಕ್ಕೆ ಮುಖ ಮಾಡಿ ನಿಂತವನಿಗೆ ಎಡವೆಂದರೆ ಪಶ್ಚಿಮ, ಅಂದರೆ ತೆರೆದ ಕಡಲು. ಮೇಲಿನ ನೀರು ಹಾಗೆ ದಡ ಬಿಟ್ಟು ಸರಿದಾಗ ಆ ಜಾಗವನ್ನು ತುಂಬಲು ಆಳದಿಂದ ತಣ್ಣೀರು ಏಳುತ್ತದೆ. ತಳದ ಗೊಬ್ಬರವೆಲ್ಲ ಅದರೊಂದಿಗೆ ಬೆಳಕಿಗೆ ಬರುತ್ತದೆ. ಸೂಕ್ಷ್ಮಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ತಿನ್ನುವ ಮರಿಮೀನುಗಳೂ ಬೆಳೆಯುತ್ತವೆ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲೂ ಇಂಥದೇ ಮೇಲೇಳುವಿಕೆ ನಡೆಯುತ್ತದೆ. ಬೂತಾಯಿ, ಬಂಗುಡೆಯ ಸಮೃದ್ಧಿಗೆ ಅದೂ ಒಂದು ಕಾರಣ. ಆದರೆ ನೀರು ಒಮ್ಮೆಗೇ ತಣ್ಣಗಾದರೆ ಕಾಬೆಲ್ಯೋವಿನಂಥ ಮೀನಿಗೆ ಹಿಡಿಸುವುದಿಲ್ಲ. ಅದರ ರಕ್ತದ ಬಿಸಿ ನೀರಿನ ಬಿಸಿಯಷ್ಟೇ ತಾನೇ? ಅದು ಬೆಚ್ಚನೆಯ ನೀರು ಹುಡುಕಿಕೊಂಡು ಹೋಗುತ್ತದೆ. ಬೆನ್ನ ಹಿಂದೆ ಮರುಭೂಮಿ ಇರುವುದಕ್ಕೂ ಈ ತಣ್ಣೀರೇ ಒಂದು ಕಾರಣ. ತಂಪಾದ ಗಾಳಿ ಮೇಲಕ್ಕೇರಿ ಮೋಡವಾಗಿ ಸುರಿಯುವುದಿಲ್ಲ. ಬರೇ ಮಂಜಾಗಿ ನೆಲದ ಮೇಲೆ ತೆವಳುತ್ತದೆ. ಅಲ್ಲಿಯ ಒಂದು ಜಾತಿಯ ಜೀರುಂಡೆ ಮರಳದಿಬ್ಬದ ನೆತ್ತಿಯಲ್ಲಿ ತಲೆಕೆಳಗಾಗಿ ನಿಂತು, ಬೆನ್ನ ಮೇಲೆ ಹನಿಗಟ್ಟಿದ ಮಂಜು ಬಾಯಿಗಿಳಿಯುವವರೆಗೆ ಕಾಯುತ್ತದೆ.

ಅಪ್ಪ ದೊಡ್ಡ ಕೋಲನ್ನು ಗಾಡಿಯ ಮೇಲೆ ಕಟ್ಟಿಟ್ಟ. ಇನ್ನು ಮಗಳ ಗಾಳದ ಸರದಿ. ತಣ್ಣೀರಿಗೆ ಹೆದರದ ಮೀನು ಗಾಲ್ಯೂನ್. ಅದು ಬಂಡೆಗಳ ನಡುವಿನ ಕೊರಕಲುಗಳಲ್ಲಿ, ಅಲೆ ಒಡೆದು ನೊರೆ ಏಳುವ ಕಡೆಯೇ ಮೇಯುತ್ತದೆ. ಬಂಡೆಯ ಬಳಿ ಮೈ ಕಪ್ಪು, ಮರಳಿನ ಮೇಲೆ ಬಂದರೆ ಬೆಳ್ಳಿ. ನೆರೆಯ ದಕ್ಷಿಣ ಆಫ್ರಿಕಕ್ಕೆ ಇದು ರಾಷ್ಟ್ರೀಯ ಮೀನು. ಅಲ್ಲಿ ಅದು ಎಷ್ಟು ಕಡಿಮೆಯಾಗಿದೆಯೆಂದರೆ ಮಾರುವುದಕ್ಕೇ ನಿಷೇಧವಿದೆ.

ಇಬ್ಬರೂ ಪಚ್ಚಿಲೆಯ ಜಾತಿಯ ಕಪ್ಪು ಚಿಪ್ಪುಗಳನ್ನು ಒಡೆದು ಮಾಂಸ ತೆಗೆದರು. ಮೆತ್ತನೆಯ ಮಾಂಸ ಕೊಕ್ಕೆಯಲ್ಲಿ ನಿಲ್ಲದು. ತೆಳು ರಬ್ಬರು ದಾರದಿಂದ ಸುತ್ತಬೇಕು. ದೂರ ಎಸೆಯುವುದೂ ಬೇಡ. ಹದಿನೈದು ಮೀಟರ್ ಸಾಕು, ನೊರೆಯ ನಡುವೆ ಬಿದ್ದರಾಯಿತು. ಕಾಬೆಲ್ಯೋವಿನ ಆಸೆಗೆ ಸಮುದ್ರದ ಅರ್ಧಕ್ಕೆ ಎಸೆಯುವ ಗಂಡಸರು ತಮ್ಮ ಕಾಲ ಬುಡದಲ್ಲೇ ಮೇಯುವ ಮೀನನ್ನು ಕಾಣದಿರುವುದೂ ಉಂಟು!

ಸಪೂರ ದಾರವೇ ಯಾಕೆ? ದಪ್ಪ ದಾರವನ್ನು ಅಲೆ ಹೆಚ್ಚು ಎಳೆಯುತ್ತದೆ, ಎರೆ ನಿಂತಲ್ಲಿ ನಿಲ್ಲುವುದಿಲ್ಲ. ಆದರೆ ಸಪೂರ ದಾರದಲ್ಲಿ ಬಲಪ್ರಯೋಗ ನಡೆಯದು. ರೀಲಿನಲ್ಲಿ ಒಂದು ಬ್ರೇಕಿನ ತಿರುಪು ಇರುತ್ತದೆ. ದಾರ ತುಂಡಾಗುವ ಬಲಕ್ಕಿಂತ ಸಾಕಷ್ಟು ಕಡಿಮೆಗೆ ಅದನ್ನು ಹೊಂದಿಸಿಡಬೇಕು. ಮೀನು ಜೋರಾಗಿ ಎಳೆದರೆ ದಾರ ತಾನಾಗಿ ಬಿಟ್ಟುಕೊಡುತ್ತದೆ. ಪ್ರೆಷರ್ ಕುಕ್ಕರಿನ ವೆಯ್ಟ್ ಹಬೆ ಬಿಟ್ಟ ಹಾಗೆಯೇ.

ಹತ್ತು ಗಂಟೆಯ ಸುಮಾರಿಗೆ ಕೋಲು ಎರಡು ಸಲ ತಟತಟ ಎಂದು ಬಾಗಿತು. ರೀಲು ಕಿರ್ರೆಂದಿತು. ‘ಎಳೀಬೇಡ, ಬಿಡು, ಬಿಡು’ ಎಂದು ಅಪ್ಪ ಕೂಗುತ್ತಿದ್ದ. ಮೀನು ಬಂಡೆಯ ಸಂದಿಗೆ ನುಗ್ಗುವಾಗ ಹುಡುಗಿ ಕೋಲನ್ನು ಪಕ್ಕಕ್ಕೆ ವಾಲಿಸಿ ತಿರುಗಿಸಿದಳು, ಯಾರೂ ಹೇಳಿಕೊಟ್ಟದ್ದಲ್ಲ. ಐದು ನಿಮಿಷದಲ್ಲಿ ಕಪ್ಪು ಮೈಯ ದುಂಡನೆಯ ಗಾಲ್ಯೂನ್ ಮರಳಿಗೆ ಬಂತು.

ಅಪ್ಪ ಕೈ ಒದ್ದೆ ಮಾಡಿಕೊಂಡು ಮೀನನ್ನು ಅಳತೆಪಟ್ಟಿಯ ಮೇಲಿಟ್ಟ. 28 ಸೆಂ.ಮೀ. ಕಾನೂನಿನಂತೆ ಇರಬೇಕಾದದ್ದು 30. ಬಾಲವನ್ನು ಒತ್ತಿ ಹಿಡಿದು ಮತ್ತೆ ನೋಡಿದ, ಇಪ್ಪತ್ತೆಂಟೂವರೆ. ಎರಡೂ ಕಡೆ ಮಂಜು, ನೋಡುವ ಇನ್‌ಸ್ಪೆಕ್ಟರ್ ಇರಲಿಲ್ಲ. ಬಿಡಾರದಲ್ಲಿ ಅಮ್ಮ ಎರಡು ದಿನದಿಂದ ಡಬ್ಬಿಯ ಹುರುಳಿಕಾಳು ಬಿಸಿ ಮಾಡುತ್ತಿದ್ದಳು. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಮಗುವಿನ ಮೊದಲ ಮೀನು, ಎರಡೇ ಸೆಂಟಿಮೀಟರ್!

ಆ ಎರಡು ಸೆಂಟಿಮೀಟರಿನ ಹಿಂದೆ ಲೆಕ್ಕವಿದೆ. ಗಾಲ್ಯೂನ್ ಬಹಳ ನಿಧಾನ ಬೆಳೆಯುವ ಮೀನು, ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಐದಾರು ವರ್ಷ ಬೇಕು. ಗುರುತಿನ ಚೀಟಿ ಚುಚ್ಚಿ ಬಿಟ್ಟ ಮೀನುಗಳಲ್ಲಿ ಹೆಚ್ಚಿನವು ಮತ್ತೆ ಸಿಕ್ಕಿದ್ದು ಬಿಟ್ಟ ಜಾಗದ ಹತ್ತಿರವೇ. ಹಾಗಾಗಿ ಒಂದು ಕೊರಕಲನ್ನು ಬರಿದು ಮಾಡಿದರೆ ಅದು ಬೇಗ ತುಂಬುವುದಿಲ್ಲ. ಇದೇ ಕಡಲಿನಲ್ಲಿ 1968ರಲ್ಲಿ ಸುಮಾರು 14 ಲಕ್ಷ ಟನ್ ಸಾರ್ಡೀನ್ ಮೀನನ್ನು ಬಾಚಿದರು. ಮುಂದಿನ ದಶಕದಲ್ಲಿ ಆ ಸಂಪತ್ತು ಕುಸಿದುಬಿತ್ತು, ಇಂದಿಗೂ ಚೇತರಿಸಿಕೊಂಡಿಲ್ಲ. ಅವಿದ್ದ ಜಾಗದಲ್ಲಿ ಅಂಬಲಿ ಮೀನು ಹೆಚ್ಚಿತು.

ಅಪ್ಪ ಏನೂ ಹೇಳದೆ ಮೊಣಕಾಲುದ್ದ ನೀರಿಗಿಳಿದು, ಮೀನಿನ ತಲೆಯನ್ನು ಅಲೆಗೆದುರಾಗಿ ಹಿಡಿದು ಬಿಟ್ಟ. ಮಗಳು ಸಂಜೆಯವರೆಗೆ ಮಾತಾಡಲಿಲ್ಲ.

ರಾತ್ರಿ ಗಾಳಿ ನಿಂತಿತು. ಬೆಳಿಗ್ಗೆ ಬಿಡಾರದ ಬಾಗಿಲು ತೆರೆದರೆ ಕೊಳೆತ ಮೊಟ್ಟೆಯ ನಾತ. ಕಡಲು ನೀಲಿಯಲ್ಲ, ಹಾಲು ಬೆರೆಸಿದ ಹಸಿರು. ಮಿತಿಮೀರಿ ಬೆಳೆದ ಸೂಕ್ಷ್ಮಸಸ್ಯಗಳು ಸತ್ತು ತಳದ ಕೆಸರಿನಲ್ಲಿ ಕೊಳೆಯುವಾಗ ಅಲ್ಲಿಯ ಆಮ್ಲಜನಕ ಮುಗಿದುಹೋಗುತ್ತದೆ. ಬ್ಯಾಕ್ಟೀರಿಯಗಳು ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತವೆ. ಅದು ಆಗಾಗ ಮೇಲಕ್ಕೆ ನುಗ್ಗುತ್ತದೆ. ಮೇಲೆ ಬಂದಾಗ ಗಂಧಕದ ಸಣ್ಣ ಕಣಗಳಾಗಿ ನೀರಿಗೆ ಆ ಬಣ್ಣ ಕೊಡುತ್ತದೆ. ಉಪಗ್ರಹದ ಚಿತ್ರಗಳಲ್ಲೂ ಅದು ಕಾಣುತ್ತದೆ. ಆ ಕೆಸರಿನಲ್ಲೇ ಈ ಸಲ್ಫೈಡನ್ನು ಉಂಡು ಬದುಕುವ ಬ್ಯಾಕ್ಟೀರಿಯವೊಂದು 1997ರಲ್ಲಿ ಸಿಕ್ಕಿತು, ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು. ಆದರೆ ಎಲ್ಲ ವಿಷವನ್ನೂ ಉಣ್ಣಲು ಅದರಿಂದಲೂ ಆಗುವುದಿಲ್ಲ.

ದಡದುದ್ದಕ್ಕೂ ಸತ್ತ ಮೀನು ಬಿದ್ದಿತ್ತು. ‘ನಿನ್ನೆ ನಾವೇ ತಿಂದಿದ್ರೆ ಆಗ್ತಿತ್ತಲ್ಲಪ್ಪಾ?’ ಎಂದಳು ಮಗಳು.

ಅಪ್ಪನಿಗೆ ಉತ್ತರ ತೋಚಲಿಲ್ಲ. ‘ನೊರೆ ನೀರಿನಲ್ಲಿ ಗಾಳಿ ಜಾಸ್ತಿ ಬೆರೆತಿರುತ್ತೆ. ಅದು ಬದುಕಿರಬಹುದು’ ಎಂದಷ್ಟೇ ಹೇಳಿದ.

ಅವಳು ಗಾಡಿಯಿಂದ ಅಳತೆಪಟ್ಟಿ ತೆಗೆದುಕೊಂಡು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ದಡದ ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ ನಡೆದಳು. ಬೇರೆ ಮೀನುಗಳು ರಾಶಿ ಇದ್ದವು. ಬಂಡೆಯ ಕೊರಕಲಿನವರೆಗೂ ಹೋಗಿ ಬಂದಳು. ಗಾಲ್ಯೂನ್ ಒಂದೂ ಇರಲಿಲ್ಲ. ಅಳತೆಪಟ್ಟಿಯನ್ನು ಸಮುದ್ರದ ನೀರಿನಲ್ಲಿ ತೊಳೆದು ಅಪ್ಪನ ಕೈಗೆ ಕೊಟ್ಟು, ‘ಗಾಳಿ ಮತ್ತೆ ಯಾವಾಗ ಬೀಸುತ್ತೆ?’ ಎಂದು ಕೇಳಿದಳು.