ಆದಿ ಜನರ ಊರಸಭೆ

ಸಿಯಾಂಗ್ ಕಣಿವೆಯ ಆದಿ ಜನರನ್ನು ಅಸ್ಸಾಮಿನ ಬಯಲಿನವರು ಹಿಂದೆ ‘ಅಬೋರ್’ ಎಂದು ಕರೆಯುತ್ತಿದ್ದರು. ಯಾರಿಗೂ ಮಣಿಯದವರು ಎಂಬುದು ಅದರ ಅರ್ಥ. ಆದರೆ ಅರುಣಾಚಲದ ಆ ಹಳ್ಳಿಗಳಲ್ಲಿ ಅರಸನಿಲ್ಲದೆಯೇ ಕಟ್ಟುಕಟ್ಟಳೆಗಳು ನಡೆದುಬಂದಿವೆ. ಕೆಬಾಂಗ್ ಎಂಬ ಊರಸಭೆಯೇ ಅವುಗಳ ಕಾವಲು. ಗಡಿಯ ವ್ಯಾಜ್ಯವಾಗಲಿ, ಕಳವಾಗಲಿ, ದಾಂಪತ್ಯದ ಕಲಹವಾಗಲಿ, ಹಿರಿಯರ ಮುಂದೆ ಬಹಿರಂಗವಾಗಿ ವಿಚಾರಣೆಗೆ ಬರುವುದು. ತಪ್ಪಿತಸ್ಥನು ಮಿಥುನ್ ಪಶುವನ್ನೋ ಹಣವನ್ನೋ ದಂಡವಾಗಿ ತೆತ್ತು ಮತ್ತೆ ಊರಿನವನಾಗುವನು.

1945ರ ಶಾಸನವೊಂದು ಈ ಗ್ರಾಮಾಧಿಕಾರವನ್ನು ಮನ್ನಿಸಿತು. ಇಂದು ಅಲ್ಲಿ ನ್ಯಾಯಾಲಯಗಳೂ ಉಂಟು, ಬರೆದಿಟ್ಟ ಕಾನೂನೂ ಉಂಟು. ಲಿಖಿತ ತೀರ್ಪು ಸೋಲುಗೆಲುವುಗಳನ್ನು ನಿಶ್ಚಯಿಸಬಲ್ಲುದು; ನಾಳೆ ಅಕ್ಕಪಕ್ಕದ ಹೊಲಗಳಲ್ಲಿ ದುಡಿಯಬೇಕಾದ ಇಬ್ಬರ ಮನಸ್ಸನ್ನು ಕೂಡಿಸುವುದು ಹಿರಿಯರ ತಾಳ್ಮೆಯ ಮಾತು. ಆ ಸಭೆ ಬರಿದಾದರೆ ತೀರ್ಪುಗಳು ಉಳಿದಾವು, ನೆರೆಹೊರೆ ಉಳಿಯಲಾರದು.