ಪೆಟ್ಟಿಗೆಯೊಳಗಿನ ಮಾಂಬಳ್ಳಿ

ಕೊಳ್ಳೇಗಾಲದಿಂದ ಯಳಂದೂರಿಗೆ ಹೊರಟ ಬಸ್ಸು ಪೇಟೆಯ ಗದ್ದಲವನ್ನು ದಾಟುತ್ತಲೇ ಬತ್ತದ ಗದ್ದೆಗಳ ಹಸುರೂ ತೆಂಗಿನ ತೋಟಗಳ ನೆರಳೂ ಒಂದರ ಹಿಂದೊಂದಾಗಿ ಎದುರಾಗುತ್ತವೆ. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ನಿಂತಿದೆ. ಕಾವೇರಿಯನ್ನು ಸೇರಲು ಹೊರಟ ಸುವರ್ಣಾವತಿ ಈ ಬಯಲನ್ನು ತಂಪಾಗಿರಿಸಿದೆ. ಜನ ಅದಕ್ಕೆ ಹೊನ್ನುಹೊಳೆಯೆಂದು ಹೆಸರಿಟ್ಟರು. ಹೊಳೆಯೂ ಆ ಹೆಸರಿಗೆ ತಕ್ಕಂತೆಯೇ ನಡೆದುಕೊಂಡಿತು. ಅಗರ, ಮಾಂಬಳ್ಳಿ ಎಂಬ ನೆರೆಯೂರುಗಳ ಹೆಸರನ್ನು ಇಲ್ಲಿನ ಜನ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಈ ಕಿರಿದಾದ ದಾರಿ ಎರಡು ಆಡಳಿತಗಳನ್ನು ಕಂಡದ್ದು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ, ಮೈಸೂರಿಗೆ ಸೇರಿದ್ದು. ಕೊಳ್ಳೇಗಾಲವಾದರೋ 1956ರ ನವೆಂಬರ್ 1ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ಒಂದು ತಾಲೂಕು. ಎರಡೂ ಈಗ 1997ರಲ್ಲಿ ರಚಿತವಾದ ಚಾಮರಾಜನಗರ ಜಿಲ್ಲೆಯಲ್ಲಿವೆ. ಪ್ರವಾಸಿಗಳು ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನ ಸರಪಳಿಗಳನ್ನು ನೋಡಿ ಬೆರಗಾಗುತ್ತಾರೆ. ಸಂಚಿ ಹೊನ್ನಮ್ಮನ ಊರೆಂದು ನೆನೆಯುತ್ತಾರೆ. ಬಳಿಕ ಬೆಟ್ಟದ ರಂಗನಾಥನ ದರ್ಶನಕ್ಕೆ ಏರುತ್ತಾರೆ. ಮಾಂಬಳ್ಳಿಯಲ್ಲಿ ಇಳಿಯುವವರು ಊರಿನವರೂ ಅವರ ನೆಂಟರೂ ಮಾತ್ರ.

ಹಾಗಾದರೆ ಮಾಂಬಳ್ಳಿಯಲ್ಲಿ ನೋಡತಕ್ಕದ್ದೇನು? ರೇಷ್ಮೆಯ ಸೀಮೆಯ ಊರು ಇದು. ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಚಂದ್ರಿಕೆಗಳಲ್ಲಿ ಗೂಡು ಕಟ್ಟಿಸಿ ಬಾಳಿದ ಜನರ ಸೀಮೆ. ಆ ಬಾಳು ಶಾಸನದಲ್ಲಿ ಬರೆದಿಲ್ಲ, ಕಲ್ಲಿನಲ್ಲಿ ಕೊರೆದಿಲ್ಲ. ಅದರ ಚೂರುಪಾರು ಗುರುತೇನಾದರೂ ಉಳಿದಿದ್ದರೆ ಅದು ಅಟ್ಟದ ಮೇಲಿನ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯ ಕೆಳಗೆ, ಹಳೆಯ ಲಕೋಟೆಯೊಳಗೆ ಸುತ್ತಿಕೊಂಡಿರುವ ಫಿಲ್ಮಿನ ಸುರುಳಿಗಳಲ್ಲಿ.

ಇಂಥ ಲಕೋಟೆಗಳು ನಾಡಿನ ಯಾವ ಹಳ್ಳಿಗೂ ಹೊಸತಲ್ಲ. ಬರೋಡೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ III ಎಂಬ ಸರಳ ಕ್ಯಾಮೆರಾ ಮಧ್ಯಮ ವರ್ಗದ ಮನೆಗಳಿಗೆ ಬಂದಾಗ 120ರ ಒಂದು ಸುರುಳಿಗೆ ದೊರೆಯುತ್ತಿದ್ದುದು ಹನ್ನೆರಡೇ ಚಿತ್ರ. ಈ ಜಿಲ್ಲೆಯ ಕಾಡುಗಳಾಚೆಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ 'ಇಂದು' ಎಂಬ ಹೆಸರಿನ ಫಿಲ್ಮನ್ನು ದೇಶಕ್ಕೆಲ್ಲ ಒದಗಿಸಿತು. ಆ ಕಾರ್ಖಾನೆ ಇಂದು ಇಲ್ಲ. ಹನ್ನೆರಡೇ ಚಿತ್ರವೆಂದ ಮೇಲೆ ಮನೆಯವರು ಎಣಿಸಿ ಎಣಿಸಿ ತೆಗೆಸುತ್ತಿದ್ದರು. ಮದುವೆಯ ಚಪ್ಪರ, ತೊಟ್ಟಿಲ ಶಾಸ್ತ್ರ, ಊರು ಬಿಟ್ಟು ಓದಲು ಹೊರಟ ಮಗ. ಅನೇಕ ಮನೆಗಳಲ್ಲಿ ಅಜ್ಜಿಯೆಂಬವಳ ಮುಖವಿರುವುದು ಅಂಥ ಒಂದೇ ಒಂದು ಚೌಕದಲ್ಲಿ.

ಆ ಚೌಕಕ್ಕೆ ಶತ್ರುಗಳು ಹಲವರು. ಫಿಲ್ಮಿನ ಮೇಲೆ ಚಿತ್ರವನ್ನು ಹಿಡಿದಿರುವುದು ಜೆಲಟಿನ್ ಎಂಬ ಅಂಟು. ಹೊಳೆಯ ಸೀಮೆಯ ತೇವದಲ್ಲಿ ಬೂಷ್ಟು ಅದನ್ನೇ ಉಂಡು ಬೆಳೆಯುತ್ತದೆ. ಅಸಿಟೇಟ್ ಫಿಲ್ಮು ಹಳತಾದಂತೆ ಹುಳಿವಾಸನೆ ಬಿಟ್ಟು, ಮುದುಡಿ, ಪಕ್ಕದ ಸುರುಳಿಗೂ ಆ ಕೇಡನ್ನು ಹರಡುತ್ತದೆ. ಮನುಷ್ಯನೂ ಹಿಂದೆ ಬಿದ್ದಿಲ್ಲ. ಕಪ್ಪು-ಬಿಳುಪಿನ ಚಿತ್ರದಲ್ಲಿರುವುದು ಬೆಳ್ಳಿಯ ಕಣ. ಮುಚ್ಚಿದ ಸ್ಟುಡಿಯೋಗಳ ನೆಗೆಟಿವ್ ರಾಶಿಗಳು ಆ ಬೆಳ್ಳಿಯ ಆಸೆಗೆ ಗುಜರಿಗೆ ಹೋದುದುಂಟು. ಒಂದು ಸೀಮೆಯ ಮುಖಗಳೆಲ್ಲ ಕೆಲವು ತೊಲ ಲೋಹವಾಗಿ ಕರಗಿದವು.

ಉಳಿದುದನ್ನು ಕಾಪಾಡುವ ದಾರಿ ಈಗ ಹಳ್ಳಿಯ ಮನೆಗೂ ಎಟಕುವಂತಿದೆ. ಬೂಷ್ಟು ಹಿಡಿದ ಫಿಲ್ಮಿಗೆ ನೀರು ಸೋಕಿಸದೆ ಮೃದುವಾದ ಕುಂಚದಿಂದ ಧೂಳನ್ನು ನೀವಬೇಕು. ಬಳಿಕ ಫಿಲ್ಮು ಓದಬಲ್ಲ ಸ್ಕ್ಯಾನರಿನಲ್ಲಿರಿಸಬೇಕು. ಅದಿಲ್ಲದಿದ್ದರೆ ಸಮನಾಗಿ ಬೆಳಗುವ ಹಲಗೆಯ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಿಂದ ನಕಲು ತೆಗೆಯಬಹುದು. ಕ್ಲಿಕ್ IIIರ ಚೌಕವನ್ನು ಅಂಗುಲಕ್ಕೆ 2400 ಬಿಂದುಗಳಂತೆ ಓದಿದರೆ ಸುಮಾರು 2 ಕೋಟಿ 80 ಲಕ್ಷ ಬಿಂದುಗಳು ದೊರೆಯುತ್ತವೆ. ಅಂಗೈಯಗಲದ ಹಳೆಯ ಪ್ರತಿಯಲ್ಲಿ ಕಾಣದ ಮೂಗುಬೊಟ್ಟು ಗಣಕದ ತೆರೆಯ ಮೇಲೆ ಮಿನುಗುತ್ತದೆ. ಎಡ ಹೆಗಲ ಮೇಲಿರಬೇಕಾದ ಸೆರಗು ಬಲಕ್ಕೆ ಬಂದಿದ್ದರೆ ಫಿಲ್ಮು ಮಗುಚಿದೆಯೆಂದು ಮನೆಯ ಹೆಂಗಸರೇ ಹೇಳಿಯಾರು.

ಕಪ್ಪನ್ನು ಬಿಳಿಯಾಗಿಯೂ ಬಿಳಿಯನ್ನು ಕಪ್ಪಾಗಿಯೂ ತಿರುಗಿಸುವ ತಂತ್ರಾಂಶಕ್ಕೆ ಕಾಸು ಕೊಡಬೇಕಾದುದಿಲ್ಲ. 1995ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ವಿದ್ಯಾಪೀಠದಲ್ಲಿ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಗಿಂಪ್ ಎಂಬ ಮುಕ್ತ ತಂತ್ರಾಂಶವೇ ಕಪ್ಪು-ಬಿಳುಪಿನ ಕೆಲಸಕ್ಕೆ ಸಾಕು. 1972ರ ನಂತರ ಬಳಕೆಗೆ ಬಂದ ಸಿ-41 ಬಣ್ಣದ ನೆಗೆಟಿವ್‌ಗಳಲ್ಲಿ ಮಾತ್ರ ಕಿತ್ತಳೆ ಬಣ್ಣದ ಪೊರೆಯೊಂದಿದೆ. ಸುಮ್ಮನೆ ತಿರುಗಿಸಿದರೆ ಮದುಮಗಳ ಮುಖ ನೀಲಿಯಾಗುತ್ತದೆ. ಅದಕ್ಕೆಂದೇ ಡಾರ್ಕ್‌ಟೇಬಲ್ ಎಂಬ ಮತ್ತೊಂದು ಮುಕ್ತ ತಂತ್ರಾಂಶಕ್ಕೆ 2020ರಲ್ಲಿ 'ನೆಗಾಡಾಕ್ಟರ್' ಎಂಬ ಸಾಧನ ಸೇರಿತು. ಚಿತ್ರವಿಲ್ಲದ ಅಂಚಿನ ಬಣ್ಣವನ್ನು ಅದಕ್ಕೆ ತೋರಿಸಿದರೆ ಪೊರೆಯನ್ನು ಕಳೆದು ಮೂಲದ ಬಣ್ಣಗಳನ್ನು ಹತ್ತಿರಕ್ಕೆ ತರುತ್ತದೆ. ಇವುಗಳ ಒಡಲನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ಊರಿನ ಕೆರೆಯಂತೆ ಇವು ಎಲ್ಲರ ಸೊತ್ತು.

ಸಾಧನ ಕೈಗೆ ಬಂದ ಕ್ಷಣದಲ್ಲಿಯೇ ಪರೀಕ್ಷೆಯೂ ಎದುರಾಗುತ್ತದೆ. ಗೀರನ್ನು ಅಳಿಸಿದ ಕೈ ಸುಕ್ಕನ್ನೂ ಅಳಿಸಲು ಹಂಬಲಿಸುತ್ತದೆ. ಬೂಷ್ಟು ತಿಂದುಹೋದ ಕಣ್ಣಿನ ಜಾಗದಲ್ಲಿ ಚೆಲುವಾದ ಕಣ್ಣೊಂದನ್ನು ಕಲ್ಪಿಸಿ ಕೂರಿಸುವ ಯಂತ್ರಗಳೂ ಈಗ ಬಂದಿವೆ. ಹಾಗೆ ಮಾಡಿದಾಗ ದೊರೆಯುವುದು ಸುಂದರವಾದ ಒಬ್ಬ ಹೆಂಗಸು. ಕಳೆದುಹೋಗುವುದು ಆ ಮನೆಯ ಅಜ್ಜಿ. ಬಲ್ಲವರು ಸ್ಕ್ಯಾನರಿನಿಂದ ಬಂದ ಮೊದಲ ಪ್ರತಿಯನ್ನು ಮುಟ್ಟದೆ ಟಿಫ್ ರೂಪದಲ್ಲಿ ಎರಡು ಕಡೆ ಕಾದಿರಿಸಿ, ತಿದ್ದುಪಡಿಯನ್ನೆಲ್ಲ ನಕಲಿನ ಮೇಲೆ ನಡೆಸುತ್ತಾರೆ. ಫಿಲ್ಮನ್ನೂ ಎಸೆಯುವುದಿಲ್ಲ, ಕಾಗದದ ಲಕೋಟೆಯಲ್ಲಿ, ಒಣಗಿದ ತಂಪು ಜಾಗದಲ್ಲಿರಿಸುತ್ತಾರೆ.

ಆದರೆ ಯಾವ ತಂತ್ರಾಂಶಕ್ಕೂ ನಿಲುಕದ ಕೆಲಸವೊಂದಿದೆ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರು ಯಾರು? ಚಂದ್ರಿಕೆಗೆ ಒರಗಿ ನಿಂತ ಹುಡುಗಿ ಯಾವ ಊರಿಗೆ ಸೊಸೆಯಾಗಿ ಹೋದಳು? ಇದನ್ನು ಹೇಳಬಲ್ಲವರು ಜಗಲಿಯ ಮೇಲೆ ಕುಳಿತ ಹಿರಿಯರು. ಫಿಲ್ಮು ಸರಿಯಾಗಿಟ್ಟರೆ ಇನ್ನೂ ಹಲವು ವರ್ಷ ಬಾಳೀತು. ಅವರ ನೆನಪು ಅಷ್ಟು ಕಾಲ ಕಾಯುವುದಿಲ್ಲ. ಹೆಸರು ಹೋದ ಮೇಲೆ ಅತ್ಯಂತ ಸ್ಪಷ್ಟವಾದ ಚಿತ್ರವೂ ಅಪರಿಚಿತರ ಗುಂಪೇ. ಆದುದರಿಂದ ಮೊಮ್ಮಕ್ಕಳು ಬೇಸಗೆಯ ರಜೆಯಲ್ಲಿ ಗಣಕವನ್ನು ತೆರೆಯುವುದಕ್ಕೆ ಮೊದಲು ಒಂದು ನೋಟುಪುಸ್ತಕವನ್ನು ತೆರೆಯುವುದು ಲೇಸು.

ಗೂಡಿನಿಂದ ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಅದರ ಅಂಟನ್ನು ಸಡಿಲಿಸಿ, ಎಳೆಯ ತುದಿಯನ್ನು ಹುಡುಕುತ್ತಾರೆ. ತುದಿ ಸಿಕ್ಕಿದರೆ ನೂರಾರು ಗಜದ ಎಳೆ ತಾನಾಗಿ ಬಿಚ್ಚಿಕೊಂಡು ಬರುತ್ತದೆ. ಟ್ರಂಕಿನಲ್ಲಿ ಮಲಗಿರುವ ಮಾಂಬಳ್ಳಿಗೂ ಅಂಥ ತುದಿಯೊಂದುಂಟು. ಅದು ಅಜ್ಜಿಯ ಬಾಯಲ್ಲಿದೆ. ಸಂಜೆಯ ಬಸ್ಸು ಹೊನ್ನುಹೊಳೆಯ ಬಯಲನ್ನು ಬಿಟ್ಟು ಕೊಳ್ಳೇಗಾಲದತ್ತ ತಿರುಗುತ್ತದೆ. ಜಗಲಿಯಲ್ಲಿ ದೀಪ ಹತ್ತುತ್ತದೆ. ಕೇಳುವವರು ಕೇಳಬೇಕಾದ ಹೊತ್ತು ಅದೇ.