ಅಗ್ಗಿಷ್ಟಿಕೆಗೆ ಯಾವ ಬಣ್ಣ?

ಮಲೆನಾಡಿನ ಹಳೆಯ ತೋಟದ ಮನೆಗಳನ್ನು ನೋಡಿದವರಿಗೆ ಅಲ್ಲಿನ ಹಾಲ್‌ನಲ್ಲಿ ಗೋಡೆಯೊಳಗೇ ಕಟ್ಟಿರುವ ಅಗ್ಗಿಷ್ಟಿಕೆಯ ಪರಿಚಯವಿರುತ್ತದೆ. ಕಾಫಿ ಬೆಳೆಯಲು ಬಂದ ಬ್ರಿಟಿಷರು ತಮ್ಮ ಬಂಗಲೆಗಳಲ್ಲಿ ಇದನ್ನು ಕಟ್ಟಿಸಿದರು. ಅವರು ಹೋದ ಮೇಲೂ ಅದು ಉಳಿದುಕೊಂಡಿತು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬಂದರೂ ಬಿಡದ ಊರುಗಳಲ್ಲಿ ಅದು ಬರಿಯ ಶೋಕಿಯ ವಸ್ತುವಲ್ಲ. ಒಣಗದ ಬಟ್ಟೆ, ಬೂಸಲು ಹಿಡಿದ ಪುಸ್ತಕ, ಮುದುಕರ ಮಂಡಿನೋವು ಎಲ್ಲಕ್ಕೂ ಅದೇ ಮದ್ದು.

ಮೂಡಿಗೆರೆ ಕಡೆಯ ಅಂಥದೊಂದು ಮನೆಯಲ್ಲಿ 2022ರ ಬೇಸಿಗೆಯಲ್ಲಿ ಹಾಲ್ ರಿಪೇರಿ ನಡೆಯಿತು. ಅಗ್ಗಿಷ್ಟಿಕೆಯ ಬಾಯಿ ಅಗಲ, ಹೊಟ್ಟೆ ಆಳ. ಬೆಂಕಿ ಹಾಕಿದರೆ ಶಾಖ ಚಿಮಣಿಗೆ, ಹೊಗೆ ಮನೆಯವರಿಗೆ! ಈ ತೊಂದರೆ ಇನ್ನೂರು ವರ್ಷಗಳ ಹಿಂದೆ ಲಂಡನ್ನಿನ ಮನೆಗಳಲ್ಲೂ ಇತ್ತು. ಅಮೆರಿಕದಲ್ಲಿ ಹುಟ್ಟಿದ ವಿಜ್ಞಾನಿ ಕೌಂಟ್ ರಮ್‌ಫರ್ಡ್ 1796ರಲ್ಲಿ ಇದಕ್ಕೆ ಪರಿಹಾರ ಬರೆದ. ಒಲೆಯ ಆಳ ಕಡಿಮೆ ಮಾಡಿ, ಅಕ್ಕಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಹೊಗೆ ಏರುವ ಗಂಟಲನ್ನು ಕಿರಿದು ಮಾಡಬೇಕು ಎಂದ. ಓರೆ ಗೋಡೆಗಳು ಶಾಖವನ್ನು ಕೋಣೆಯ ಕಡೆಗೆ ತಿರುಗಿಸುತ್ತವೆ. ಕಿರಿದಾದ ಗಂಟಲಿನಲ್ಲಿ ಹೊಗೆ ವೇಗವಾಗಿ ಮೇಲೇರುತ್ತದೆ. ಮೂಡಿಗೆರೆಯ ಗಾರೆ ಮೇಸ್ತ್ರಿ ರಮ್‌ಫರ್ಡ್‌ನ ಹೆಸರು ಕೇಳಿದವರಲ್ಲ. ಆದರೂ ಅವರು ಕಟ್ಟಿಕೊಟ್ಟದ್ದು ಅದೇ ಲೆಕ್ಕದ ಒಲೆ.

ಕಟ್ಟಡ ಮುಗಿಯಿತು, ಜಗಳ ಶುರುವಾಯಿತು. ಯಾವ ಬಣ್ಣ ಹೊಡೆಸುವುದು?

ಅಂಗಡಿಯಿಂದ ತಂದ ಶೇಡ್ ಕಾರ್ಡ್ ಊಟದ ಮೇಜಿನ ಮೇಲೆ ನಾಲ್ಕು ದಿನ ಬಿದ್ದಿತ್ತು. ಮನೆಯ ಯಜಮಾನರಿಗೆ ಕಾವಿ ಬಣ್ಣವೇ ಆಗಬೇಕು, ಮಸಿ ಕಾಣುವುದಿಲ್ಲ ಎಂಬ ಕಾರಣಕ್ಕೆ. ಅವರ ಹೆಂಡತಿಗೆ ಕೆನೆ ಬಣ್ಣ. ಪಿಯುಸಿ ಓದುವ ಮಗಳಿಗೆ ತಿಳಿನೀಲಿ. ಎಂಬತ್ತು ದಾಟಿದ ಅಜ್ಜಿ ಮಾತ್ರ ಯಾವ ಬಣ್ಣ ತೋರಿಸಿದರೂ, 'ಎಲ್ಲ ಕೊಳೆ ಬಣ್ಣವೇ. ಸುಣ್ಣ ಬಳಿಸಿ ಸಾಕು' ಎನ್ನುತ್ತಿದ್ದರು. ವಯಸ್ಸಾದ ಮೇಲೆ ಹಟ ಜಾಸ್ತಿ ಎಂದು ಮಗ ಸುಮ್ಮನಾದರು. ಬಣ್ಣದ ಮೇಸ್ತ್ರಿಯದು ಒಂದೇ ಮಾತು: 'ಬೇಗ ಹೇಳಿ ಸಾರ್. ಮಳೆ ಹಿಡಿದರೆ ಗೋಡೆ ಒಣಗೋದಿಲ್ಲ.'

ಮೊಮ್ಮಗಳು ಒಂದು ಉಪಾಯ ಮಾಡಿದಳು. ಆಳೆತ್ತರದ ಗೋಡೆಯ ಬಣ್ಣವನ್ನು ಬೆರಳಗಲದ ಕಾಗದ ನೋಡಿ ಹೇಗೆ ತೀರ್ಮಾನಿಸುವುದು? ಮೇಸ್ತ್ರಿಯಿಂದ ಸ್ವಲ್ಪ ಸ್ವಲ್ಪ ಬಣ್ಣ ಪಡೆದು, ಎರಡಡಿ ಅಗಲದ ಆರು ಪ್ಲೈವುಡ್ ಹಲಗೆಗಳಿಗೆ ಬಳಿದು ಒಲೆಯ ಪಕ್ಕ ಒರಗಿಸಿಟ್ಟಳು. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ, ಸಂಜೆ ದೀಪ ಹಾಕಿ, ರಾತ್ರಿ ದೀಪ ಆರಿಸಿ ಒಲೆಯ ಉರಿಯಲ್ಲಿ ಎಲ್ಲರಿಗೂ ತೋರಿಸಿದಳು.

ಬೆಳಿಗ್ಗೆ ಚೆಂದ ಕಂಡ ತಿಳಿನೀಲಿ ರಾತ್ರಿ ಬೂದಿಯಂತೆ ಕಂಡಿತು. ಇದರಲ್ಲಿ ಮಾಯೆಯಿಲ್ಲ. ಬಣ್ಣದ ಪುಡಿ ತನ್ನಿಂದ ತಾನೇ ಏನನ್ನೂ ಬೆಳಗುವುದಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವನ್ನು ಹೀರಿ, ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಮೋಡ ಮುಸುಕಿದ ಹಗಲಿನ ಬೆಳಕಿನಲ್ಲಿ ನೀಲಿ ಧಾರಾಳವಾಗಿದೆ. ವಿಜ್ಞಾನಿಗಳು ಅದನ್ನು ಸುಮಾರು 6500 ಕೆಲ್ವಿನ್ ಬಣ್ಣತಾಪದ ಬೆಳಕು ಎನ್ನುತ್ತಾರೆ. ಹಳೆಯ ತಂತಿ ಬಲ್ಬಿನದು ಸುಮಾರು 2700. ಸೌದೆಯ ಉರಿಯದು ಅದಕ್ಕೂ ಕಡಿಮೆ. ಉರಿಯ ಬೆಳಕಿನಲ್ಲಿ ನೀಲಿ ಇಲ್ಲವೆನ್ನುವಷ್ಟು ಅಲ್ಪ. ಬಾರದ ಬೆಳಕನ್ನು ಗೋಡೆ ಎಲ್ಲಿಂದ ಹಿಂತಿರುಗಿಸೀತು? ಕಾವಿ, ಕೆನೆ, ಹಳದಿಗಳು ಮಾತ್ರ ಬೆಂಕಿಯ ಮುಂದೆ ಕಳೆಗಟ್ಟುತ್ತವೆ. ಅಂಗಡಿಯ ಬಿಳಿ ಟ್ಯೂಬ್‌ಲೈಟಿನಡಿ ಆರಿಸಿದ ಸೀರೆ ಮನೆಗೆ ಬಂದಾಗ ಬೇರೆಯಾಗಿ ಕಾಣುವುದೂ ಇದೇ ಕಾರಣಕ್ಕೆ.

ಹಲಗೆಗಳ ಆಟದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಅಜ್ಜಿಗೆ ಬಿಳಿ ಹಲಗೆಯೂ ಕೆನೆ ಹಲಗೆಯೂ ಒಂದೇ. ಕಡುನೀಲಿಯನ್ನು ತೋರಿಸಿದರೆ, 'ಕಪ್ಪು ಯಾಕೆ ತಂದೆ ಮಗು, ಅಪಶಕುನ' ಎಂದರು. ಹಿಂದಿನ ವಾರವಷ್ಟೇ ಅವರು ಅಗ್ಗಿಷ್ಟಿಕೆಯ ಮುಂದಿನ ಕಟ್ಟೆಗೆ ಕಾಲು ತಾಗಿ ಮುಗ್ಗರಿಸಿದ್ದರು. ಬೆಂಕಿ ಇರಲಿಲ್ಲ, ಸೊಸೆ ಹತ್ತಿರದಲ್ಲೇ ಇದ್ದರು, ಅನಾಹುತ ತಪ್ಪಿತ್ತು. ನೆಲವೂ ರೆಡ್ ಆಕ್ಸೈಡಿನದು, ಕಟ್ಟೆಯೂ ರೆಡ್ ಆಕ್ಸೈಡಿನದು. ನೋಡಿ ನಡೆಯಬಾರದೆ ಎಂದು ಮಗ ಗದರಿದ್ದರು. ಮೊಮ್ಮಗಳು ಎರಡನ್ನೂ ಜೋಡಿಸಿ ನೋಡಿದಳು. ಅಪ್ಪನನ್ನು ಕರೆದು, 'ಅಪ್ಪಾ, ಅಜ್ಜಿ ಹಟ ಮಾಡ್ತಿಲ್ಲ. ಅವರಿಗೆ ಕಾಣಿಸ್ತಾ ಇಲ್ಲ' ಎಂದಳು.

ಚಿಕ್ಕಮಗಳೂರಿನ ಕಣ್ಣಿನ ವೈದ್ಯರು ನೋಡಿ ಹೇಳಿದ್ದೂ ಅದನ್ನೇ: ಎರಡೂ ಕಣ್ಣಿನಲ್ಲಿ ಪೊರೆ ಬಲಿತಿದೆ. ಕಣ್ಣಿನ ಮಸೂರ ಎಳೆಯ ವಯಸ್ಸಿನಲ್ಲಿ ನೀರಿನಂತೆ ತಿಳಿಯಾಗಿರುತ್ತದೆ. ವಯಸ್ಸಾದಂತೆ ಅದು ಹಳದಿಗಟ್ಟಿ, ಪೊರೆ ಬಲಿತಾಗ ಕಂದು ಬಣ್ಣಕ್ಕೂ ತಿರುಗಬಹುದು. ಆಗ ನೀಲಿ ಮತ್ತು ನೇರಳೆ ಬೆಳಕು ಅಕ್ಷಿಪಟಲವನ್ನು ತಲುಪುವ ಮೊದಲೇ ಸೋರಿಹೋಗುತ್ತದೆ. ಹತ್ತಿರ ಹತ್ತಿರದ ಬಣ್ಣಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ಬದಲಾವಣೆ ವರ್ಷಗಟ್ಟಲೆ ಮೆಲ್ಲನೆ ನಡೆಯುವುದರಿಂದ, ಮಿದುಳು ಅದಕ್ಕೆ ಒಗ್ಗಿಕೊಳ್ಳುವುದರಿಂದ, ನೋಡುವವರಿಗೇ ಅದರ ಅರಿವಾಗುವುದಿಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಗೂ ಹೀಗೇ ಆಗಿತ್ತು. 1923ರಲ್ಲಿ ಅವನ ಬಲಗಣ್ಣಿನ ಪೊರೆ ತೆಗೆದರು. ಆಗ ತೆಗೆದ ಮಸೂರದ ಜಾಗಕ್ಕೆ ದಪ್ಪ ಕನ್ನಡಕವೇ ಗತಿ. ಕಣ್ಣಿನೊಳಗೇ ಕೃತಕ ಮಸೂರ ಕೂರಿಸುವುದನ್ನು 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಆರಂಭಿಸಿದರು.

ಮುಂದೇನು? ಮಳೆಗೆ ಮೊದಲು ಬಣ್ಣ ಮುಗಿಯಬೇಕು. ಆಪರೇಷನ್ ಆದ ಕಣ್ಣಿಗೆ ಕೆಲವು ವಾರ ಧೂಳು, ಹೊಗೆ ತಾಗಬಾರದು. ಬಣ್ಣವನ್ನು ಮುಗಿಸಿಬಿಡೋಣ, ಕಣ್ಣಿನ ವಿಚಾರ ಮಳೆ ಕಳೆದ ಮೇಲೆ ನೋಡೋಣ ಎಂಬ ಸಲಹೆಯೂ ಬಂತು. ಯಜಮಾನರು ಒಪ್ಪಲಿಲ್ಲ. 'ಗೋಡೆ ಮುಂದಿನ ವರ್ಷವೂ ಇರುತ್ತೆ' ಎಂದರು. ಅಜ್ಜಿಯ ಒಂದು ಕಣ್ಣಿಗೆ ಆಪರೇಷನ್ ಆಗಿ, ಅವರು ಚಿಕ್ಕಮಗಳೂರಿನ ಮಗಳ ಮನೆಯಲ್ಲಿ ಉಳಿದರು. ಇತ್ತ ಮೇಸ್ತ್ರಿ ಹಾಲ್‌ನ ಧೂಳಿನ ಕೆಲಸವನ್ನೆಲ್ಲ ಮುಗಿಸಿ, ಬಣ್ಣವನ್ನು ಮಾತ್ರ ಉಳಿಸಿಕೊಂಡರು.

ಆ ಧೂಳಿನ ವಿಷಯದಲ್ಲೂ ಎಚ್ಚರ ಬೇಕು. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುವುದುಂಟು. ಒಣ ಎಮರಿ ಕಾಗದದಲ್ಲಿ ಉಜ್ಜಿದರೆ ಅದು ಪುಡಿಯಾಗಿ ಉಸಿರಿಗೆ ಸೇರುತ್ತದೆ. ಮಕ್ಕಳ ಮಿದುಳಿಗೆ ಅದು ವಿಷ. ಭಾರತದಲ್ಲಿ ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕೂ ಹಿಂದೆ ಬಳಿದದ್ದನ್ನು ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರವಿಟ್ಟೇ ತೆಗೆಯಬೇಕು.

ಮೇ ಕೊನೆಗೆ ಅಜ್ಜಿ ಮರಳಿದರು. ಹಲಗೆಗಳ ಮುಂದೆ ಕೂತು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದನ್ನು ಮುಚ್ಚಿ ನೋಡಿದರು. 'ಇದೇನೇ ಇದು! ಈ ಕಣ್ಣಿಗೆ ಸುಣ್ಣದ ಬಿಳಿ. ಆ ಕಣ್ಣಿಗೆ ಕಾಫಿ ಚೆಲ್ಲಿದ ಪಂಚೆ!' ಆಮೇಲೆ ತಿಳಿನೀಲಿ ಹಲಗೆಯನ್ನು ಮಡಿಲಿಗೆ ಎಳೆದುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ದೂರದ ಗುಡ್ಡದ ಬಣ್ಣ ಇದು, ಮರೆತೇ ಹೋಗಿತ್ತು ಎಂದರು. ಬಣ್ಣ ಅರ್ಧ ಹೊರಗಿನ ವಸ್ತುವಿನದು, ಅರ್ಧ ನೋಡುವ ಕಣ್ಣಿನದು. ಸರ್ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಬಾಳಿನ ಕೊನೆಯ ವರ್ಷಗಳನ್ನು ಹೂವಿನ ಬಣ್ಣ ಮತ್ತು ಮನುಷ್ಯನ ದೃಷ್ಟಿಯ ಅಧ್ಯಯನದಲ್ಲಿ ಕಳೆದು, 1968ರಲ್ಲಿ ಆ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ್ದು ಸುಮ್ಮನೆ ಅಲ್ಲ.

ತೀರ್ಮಾನ ಒಂದೇ ಸಂಜೆಯಲ್ಲಿ ಆಯಿತು. ಹಗಲು ಬೆಳಕು ಬೀಳುವ ಕಿಟಕಿಯ ಗೋಡೆಗೆ ತಿಳಿನೀಲಿ; ಉರಿಯ ಬೆಳಕು ಬೀಳುವ ಅಗ್ಗಿಷ್ಟಿಕೆಯ ಗೋಡೆಗೆ ಕೆನೆ. ಒಲೆಯ ಒಳಗೆ ಎಮಲ್ಷನ್, ಎನಾಮೆಲ್ ಏನೂ ಬೇಡ. ಆ ಶಾಖಕ್ಕೆ ಅವು ಬೊಕ್ಕೆಯೆದ್ದು ನಾರುತ್ತವೆ. ಅಲ್ಲಿಗೆ ಅಜ್ಜಿ ಹೇಳಿದ ಸುಣ್ಣವೇ ಸರಿ. ರಮ್‌ಫರ್ಡ್ ಕೂಡ ಒಲೆಯ ಒಳಗೋಡೆಗೆ ಸುಣ್ಣ ಬಳಿಯಿರೆಂದೇ ಬರೆದಿದ್ದ! ಹೊರಗೋಡೆಗೆ ಗಾಢ ಬಣ್ಣ ಹೊಡೆದರೆ ಕೋಣೆ ಹೆಚ್ಚು ಬೆಚ್ಚಗಾಗುತ್ತದೆಂಬ ಯಜಮಾನರ ನಂಬಿಕೆಗೆ ಮಾತ್ರ ಆಧಾರವಿರಲಿಲ್ಲ. ಬೆಚ್ಚಗಾದ ಗೋಡೆ ಹೊರಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಅದರ ಮಟ್ಟಿಗೆ ಬಿಳಿ ಬಣ್ಣವೂ ಕಪ್ಪು ಬಣ್ಣವೂ ಹೆಚ್ಚುಕಡಿಮೆ ಒಂದೇ. ಅವರ ಕಾವಿ ಬಣ್ಣ ನೆಲದಲ್ಲಿ ಹೇಗೂ ಇತ್ತು. ಕಟ್ಟೆಯ ಅಂಚಿಗೆ ಮಾತ್ರ ಅಂಗೈ ಅಗಲದ ಬಿಳಿ ಪಟ್ಟಿ ಬಂತು, ನೆಲ ಎಲ್ಲಿ ಮುಗಿಯಿತು, ಮೆಟ್ಟಿಲು ಎಲ್ಲಿ ಶುರುವಾಯಿತು ಎಂಬುದು ಮಬ್ಬುಗಣ್ಣಿಗೂ ಕಾಣುವಂತೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಬಣ್ಣ ಹಿಡಿದದ್ದು ಅದಕ್ಕೇ, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಬಿಳಿ, ಕೆನೆ, ತಿಳಿಹಳದಿ, ಕಡುನೀಲಿ, ಕಪ್ಪು ಕಾಗದಗಳನ್ನು ಕತ್ತರಿಸಿ, ಕಿಟಕಿಯ ಬೆಳಕಿನಲ್ಲಿ ಮನೆಯ ಹಿರಿಯರ ಮುಂದಿಟ್ಟು, ಒಂದೇ ಬಣ್ಣದವನ್ನು ಜೋಡಿಸಲು ಹೇಳಿ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಆದರೆ ಅವರು ತಡವರಿಸಿದರೆ ನಗಬೇಡಿ. ತಂದೆತಾಯಿಗೆ ತಿಳಿಸಿ, ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಮೆಟ್ಟಿಲಂಚಿಗೊಂದು ಬಿಳಿ ಪಟ್ಟಿ ಎಳೆಯುವುದಕ್ಕೆ ಅಲ್ಲಿಯವರೆಗೂ ಕಾಯಬೇಕಿಲ್ಲ.